ಮೆಷಿನ್ ಗನ್‌ನ ಆರಂಭಿಕ ಇತಿಹಾಸ

ಮೆಷಿನ್ ಗನ್ ಅಥವಾ ಯಂತ್ರಬಂದೂಕು ಎಂಬುದು ಒಂದರ ಹಿಂದೊಂದರಂತೆ ಬಿಡುವಿಲ್ಲದೆ ಗುಂಡುಗಳನ್ನು ಹಾರಿಸುವ ಆಯುಧ. ಸಾಮಾನ್ಯ ಬಂದೂಕಿನಲ್ಲಿ ಪ್ರತಿ ಗುಂಡು ಹಾರಿದ ನಂತರ ಸೈನಿಕನು ತನ್ನ ಕೈಯಿಂದ ಮಾಡಬೇಕಾಗಿದ್ದ ಕೆಲಸವನ್ನು, ಅಂದರೆ ಹೊಸ ಗುಂಡನ್ನು ತುಂಬಿ ಸಿಡಿತಕ್ಕೆ ಸಿದ್ಧಪಡಿಸುವುದನ್ನು, ಇದರಲ್ಲಿ ಯಂತ್ರವೇ ಮಾಡುತ್ತದೆ. 1862ರಲ್ಲಿ ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗ್ ಕೈಹಿಡಿಯಿಂದ ತಿರುಗಿಸುವ ಶೀಘ್ರಗಾಮಿ ಬಂದೂಕಿಗೆ ಪೇಟೆಂಟ್ ಪಡೆದನು. 1884ರಲ್ಲಿ ಹೈರಂ ಮ್ಯಾಕ್ಸಿಮ್ ಲಂಡನ್ನಿನಲ್ಲಿ ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ಮೊದಲ ಯಶಸ್ವಿ ಬಂದೂಕನ್ನು ಪ್ರದರ್ಶಿಸಿದನು.

ಶೀಘ್ರವಾಗಿ ಗುಂಡು ಹಾರಿಸುವ ಆಸೆ ಬಂದೂಕಿನಷ್ಟೇ ಹಳೆಯದು. ಹಲವು ಶತಮಾನಗಳ ಕಾಲ ನಳಿಗೆಗಳ ಸಂಖ್ಯೆಯನ್ನು ಹೆಚ್ಚಿಸುವ ಮೂಲಕ ಈ ಆಸೆಯನ್ನು ಈಡೇರಿಸಿಕೊಳ್ಳುವ ಪ್ರಯತ್ನಗಳು ನಡೆದವು. ಆದರೆ ನಿಜವಾದ ಅಡಚಣೆ ಇದ್ದುದು ನಳಿಗೆಗಳ ಸಂಖ್ಯೆಯಲ್ಲಲ್ಲ, ಮದ್ದು ತುಂಬುವ ವಿಧಾನದಲ್ಲಿ. ಆ ಅಡಚಣೆ ನಿವಾರಣೆಯಾದ ಮೇಲೆ ಯುದ್ಧಭೂಮಿಯಲ್ಲಿ ಸೈನಿಕರ ಸಂಖ್ಯೆಗಿದ್ದ ಬೆಲೆಯೇ ಬದಲಾಯಿತು. ಕರ್ನಾಟಕದ ಇತಿಹಾಸದಲ್ಲಿ ಈ ಬದಲಾವಣೆಯ ಎರಡೂ ತುದಿಗಳನ್ನು ಕಾಣಬಹುದು. ಚಿತ್ರದುರ್ಗದ ಕೋಟೆ ಒಂದೊಂದೇ ಗುಂಡಿನ ಕಾಲಕ್ಕೆ ಸೇರಿದ್ದು. 1918ರಲ್ಲಿ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಪಡೆ ಮೆಷಿನ್ ಗನ್‌ಗಳ ಎದುರಿಗೆ ಕುದುರೆ ಏರಿ ಸಾಗಿದ್ದು.

ಒಂದೊಂದೇ ಗುಂಡಿನ ಕಾಲ

ಹದಿನೆಂಟನೆಯ ಶತಮಾನದವರೆಗೆ ಬಳಕೆಯಲ್ಲಿದ್ದ ಬಂದೂಕುಗಳಿಗೆ ನಳಿಗೆಯ ಬಾಯಿಯಿಂದಲೇ ಮದ್ದು ತುಂಬಬೇಕಾಗಿತ್ತು. ಸೈನಿಕನು ಮೊದಲು ಅಳತೆಯ ಮದ್ದನ್ನು ನಳಿಗೆಗೆ ಸುರಿದು, ಅದರ ಮೇಲೆ ಸೀಸದ ಗುಂಡನ್ನು ಇಟ್ಟು, ಉದ್ದನೆಯ ಸರಳಿನಿಂದ ಗಿಡಿಯಬೇಕಿತ್ತು. ಬಳಿಕ ಕಿವಿಯ ಬಳಿಯ ಚಿಕ್ಕ ಬಟ್ಟಲಿಗೆ ಸ್ವಲ್ಪ ಮದ್ದನ್ನು ಹಾಕಿ, ಉರಿಯುವ ಬತ್ತಿಯಿಂದಲೋ ಚಕಮಕಿ ಕಲ್ಲಿನ ಕಿಡಿಯಿಂದಲೋ ಅದನ್ನು ಹೊತ್ತಿಸಬೇಕಿತ್ತು. ಚಕಮಕಿ ಬಂದೂಕು ಹಿಡಿದ ನುರಿತ ಸೈನಿಕನೊಬ್ಬ ನಿಮಿಷಕ್ಕೆ ಎರಡರಿಂದ ನಾಲ್ಕು ಗುಂಡುಗಳನ್ನು ಹಾರಿಸಬಲ್ಲವನಾಗಿದ್ದನು. ಬತ್ತಿಯ ಕೋವಿಯ ವೇಗ ಅದಕ್ಕಿಂತಲೂ ಕಡಿಮೆ. ಮಳೆ ಬಂದು ಮದ್ದು ನೆನೆದರೆ ಆಯುಧವೇ ನಿರುಪಯುಕ್ತವಾಗುತ್ತಿತ್ತು.

ಈ ಕಾರಣದಿಂದ ಬಂದೂಕುಧಾರಿಗಳು ಸಾಲುಗಟ್ಟಿ ನಿಂತು, ಒಂದು ಸಾಲು ಗುಂಡು ಹಾರಿಸುವಾಗ ಇನ್ನೊಂದು ಸಾಲು ಮದ್ದು ತುಂಬುವ ಪದ್ಧತಿ ಹಲವು ದೇಶಗಳಲ್ಲಿ ರೂಢಿಗೆ ಬಂದಿತು. ಗುಂಡಿನ ವೇಗ ಆಗ ಯಂತ್ರದ ಗುಣವಾಗಿರಲಿಲ್ಲ, ಜನರ ಸಂಖ್ಯೆ ಮತ್ತು ಅವರ ಕವಾಯತಿನ ಗುಣವಾಗಿತ್ತು.

ಚಿತ್ರದುರ್ಗದ ಕೋಟೆಯ ಸಾಕ್ಷ್ಯ

ಚಿತ್ರದುರ್ಗದ ನಾಯಕರ ರಾಜಧಾನಿಯಾಗಿದ್ದ ಏಳು ಸುತ್ತಿನ ಕಲ್ಲಿನ ಕೋಟೆ ಈ ಕಾಲದ ಯುದ್ಧಕ್ರಮವನ್ನು ಅರಿಯಲು ಉತ್ತಮ ನಿದರ್ಶನ. ಹೊಳಲ್ಕೆರೆ, ಹಿರಿಯೂರು ಮತ್ತು ಹೊಸದುರ್ಗದ ಪ್ರದೇಶಗಳು ಈ ನಾಯಕರ ಆಡಳಿತಕ್ಕೆ ಒಳಪಟ್ಟಿದ್ದವು. ಕೋಟೆಯೊಳಗೆ ಇಂದಿಗೂ ಕಾಣಸಿಗುವ ಮದ್ದು ಬೀಸುವ ಕಲ್ಲುಗಳು ಪ್ರವಾಸಿಗರ ಗಮನ ಸೆಳೆಯುತ್ತವೆ. ಕಟ್ಟಿದ ಹೊಂಡವೊಂದರಲ್ಲಿ ನಾಲ್ಕು ಬೃಹತ್ ಬೀಸುಕಲ್ಲುಗಳನ್ನು ಅಳವಡಿಸಿ, ಇದ್ದಿಲು, ಗಂಧಕ ಮತ್ತು ಪೆಟ್ಲುಪ್ಪುಗಳ ಮಿಶ್ರಣವನ್ನು ಇಲ್ಲಿ ಅರೆಯಲಾಗುತ್ತಿತ್ತು. ಮುತ್ತಿಗೆಯ ಸಮಯದಲ್ಲಿ ಹೊರಗಿನಿಂದ ಸರಬರಾಜು ನಿಂತರೂ ಕೋಟೆಯೊಳಗೇ ಮದ್ದು ತಯಾರಾಗುತ್ತಿತ್ತು ಎಂಬುದಕ್ಕೆ ಇವು ಸಾಕ್ಷಿ.

ಬಾಗಿಲುಗಳು ನೇರವಾಗಿಲ್ಲದೆ ತಿರುವುಗಳ ನಡುವೆ ಇರುವುದು, ಗೋಡೆಗಳಲ್ಲಿ ಕೋವಿಯ ನಳಿಗೆ ಚಾಚಲು ಕಿಂಡಿಗಳಿರುವುದು, ಬಂಡೆಗಳ ನಡುವಿನ ದಾರಿಗಳು ಇಕ್ಕಟ್ಟಾಗಿರುವುದು, ಇವೆಲ್ಲವೂ ನಿಧಾನಗತಿಯ ಬಂದೂಕಿನ ಕೊರತೆಯನ್ನು ಕಲ್ಲಿನಿಂದ ತುಂಬಿಕೊಳ್ಳುವ ಉಪಾಯಗಳು. ಶತ್ರುಗಳ ಸಾಲನ್ನು ತಡೆದು, ಅವರು ಕೆಲವರಾಗಿಯೇ ಮುಂದೆ ಬರುವಂತೆ ಮಾಡಿದರೆ, ಮದ್ದು ತುಂಬಲು ಬೇಕಾದ ಸಮಯ ರಕ್ಷಕರಿಗೆ ದೊರೆಯುತ್ತಿತ್ತು. ಒನಕೆ ಓಬವ್ವನ ಪ್ರಸಿದ್ಧ ಕಥನದಲ್ಲಿಯೂ ಇದೇ ತತ್ವವಿದೆ. ಜನಜನಿತವಾದ ಈ ಕಥನದ ಪ್ರಕಾರ, ಹೈದರಾಲಿಯ ಸೈನಿಕರು ಒಬ್ಬರು ಮಾತ್ರ ತೂರಬಹುದಾದ ಕಿಂಡಿಯ ಮೂಲಕ ಒಳನುಗ್ಗಲು ಯತ್ನಿಸಿದಾಗ, ಕಾವಲುಗಾರನ ಹೆಂಡತಿಯಾದ ಓಬವ್ವ ಒನಕೆಯಿಂದಲೇ ಅವರನ್ನು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದಳು.

ಹಲವು ಮುತ್ತಿಗೆಗಳನ್ನು ತಡೆದುಕೊಂಡ ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಕೊನೆಯ ದೊರೆ ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು.

ನಳಿಗೆಗಳನ್ನು ಹೆಚ್ಚಿಸುವ ಪ್ರಯತ್ನಗಳು

ಹದಿನಾಲ್ಕನೆಯ ಶತಮಾನದ ಯುರೋಪಿನಲ್ಲಿ ಗಾಡಿಯ ಮೇಲೆ ಹಲವು ಚಿಕ್ಕ ನಳಿಗೆಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದ ಫಿರಂಗಿಗಳು ಬಳಕೆಗೆ ಬಂದವು. ನಳಿಗೆಗಳ ಸಾಲು ಆರ್ಗನ್ ವಾದ್ಯದ ಕೊಳವೆಗಳನ್ನು ಹೋಲುತ್ತಿದ್ದುದರಿಂದ ಇವುಗಳಿಗೆ ಆರ್ಗನ್ ಗನ್ ಎಂಬ ಹೆಸರು ಬಂದಿತು. ಲಿಯೊನಾರ್ಡೊ ಡ ವಿಂಚಿ ತಲಾ 11 ನಳಿಗೆಗಳ ಮೂರು ಸಾಲುಗಳಿದ್ದ ಇಂತಹ ಒಂದು ಆಯುಧದ ಚಿತ್ರವನ್ನು ಬರೆದಿದ್ದಾನೆ. ಒಂದು ಸಾಲು ಸಿಡಿಯುವಾಗ ಇನ್ನೊಂದು ತಣ್ಣಗಾಗುತ್ತ, ಮೂರನೆಯದಕ್ಕೆ ಮದ್ದು ತುಂಬಬಹುದೆಂಬುದು ಅವನ ಆಲೋಚನೆಯಾಗಿತ್ತು.

ಭಾರತದಲ್ಲಿ ಅಕ್ಬರನ ಆಸ್ಥಾನದ ವಿವರಗಳನ್ನು ನೀಡುವ ಐನ್-ಇ-ಅಕ್ಬರಿ ಗ್ರಂಥದಲ್ಲಿ, 17 ಬಂದೂಕುಗಳನ್ನು ಜೋಡಿಸಿ ಒಂದೇ ಬತ್ತಿಯಿಂದ ಸಿಡಿಸುವ ಆಯುಧದ ಉಲ್ಲೇಖವಿದೆ. ಒಮ್ಮೆಗೆ 16 ನಳಿಗೆಗಳನ್ನು ಶುಚಿಗೊಳಿಸುವ ಚಕ್ರದ ಯಂತ್ರವನ್ನೂ ಅದು ಬಣ್ಣಿಸುತ್ತದೆ. ಗ್ರಂಥವು ಇವನ್ನು ಅಕ್ಬರನ ಆವಿಷ್ಕಾರಗಳೆಂದು ಹೇಳಿದರೆ, ಹಲವು ಇತಿಹಾಸಕಾರರು ಅವನ ಆಸ್ಥಾನದಲ್ಲಿದ್ದ ವಿದ್ವಾಂಸ ಫತೇವುಲ್ಲಾ ಶಿರಾಜಿಯ ಹೆಸರನ್ನು ಇವುಗಳೊಂದಿಗೆ ಸೇರಿಸುತ್ತಾರೆ.

ಈ ಎಲ್ಲ ಆಯುಧಗಳಿಗೂ ಒಂದೇ ಮಿತಿ ಇತ್ತು. ಮೊದಲ ಸಿಡಿತ ಭೀಕರವಾಗಿರುತ್ತಿತ್ತು. ಆದರೆ ಆ ಬಳಿಕ ಪ್ರತಿಯೊಂದು ನಳಿಗೆಗೂ ಬೇರೆ ಬೇರೆಯಾಗಿ ಮದ್ದು ತುಂಬಬೇಕಾಗಿದ್ದುದರಿಂದ ದೀರ್ಘಕಾಲ ಆಯುಧ ಸುಮ್ಮನಿರುತ್ತಿತ್ತು.

ಪಕಲ್‌ನ ಬಂದೂಕು

1718ರಲ್ಲಿ ಲಂಡನ್ನಿನ ವಕೀಲ ಜೇಮ್ಸ್ ಪಕಲ್ ಬೇರೊಂದು ಮಾರ್ಗವನ್ನು ಹಿಡಿದನು. ಅವನ ಬಂದೂಕಿಗೆ ನಳಿಗೆ ಒಂದೇ. ಅದರ ಹಿಂದೆ ಹಲವು ಕೋಣೆಗಳಿದ್ದ ಉರುಳೆ ಇತ್ತು. ಉರುಳೆಯನ್ನು ಕೈಯಿಂದ ತಿರುಗಿಸಿದಂತೆ ಮೊದಲೇ ತುಂಬಿಸಿದ ಕೋಣೆಗಳು ಒಂದೊಂದಾಗಿ ನಳಿಗೆಯ ಮುಂದೆ ಬರುತ್ತಿದ್ದವು. 1722ರ ಪ್ರದರ್ಶನವೊಂದರಲ್ಲಿ ಇದು ಮಳೆಯ ನಡುವೆಯೂ 7 ನಿಮಿಷಗಳಲ್ಲಿ 63 ಗುಂಡುಗಳನ್ನು ಹಾರಿಸಿತು. ಕ್ರೈಸ್ತ ಶತ್ರುಗಳಿಗೆ ದುಂಡನೆಯ ಗುಂಡುಗಳನ್ನೂ ತುರ್ಕರಿಗೆ ಚೌಕಾಕಾರದ ಗುಂಡುಗಳನ್ನೂ ಬಳಸಬೇಕೆಂದು ಪಕಲ್ ಸೂಚಿಸಿದ್ದನು. ಚಕಮಕಿ ಕಲ್ಲಿನ ಕಿಡಿಯನ್ನೇ ಅವಲಂಬಿಸಿದ್ದ ಈ ಬಂದೂಕನ್ನು ಸೇನೆ ಒಪ್ಪಿಕೊಳ್ಳಲಿಲ್ಲ. ಆದರೂ ಮದ್ದನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು ಯಂತ್ರದ ಮೂಲಕ ನಳಿಗೆಗೆ ಒದಗಿಸುವ ಅವನ ಕಲ್ಪನೆ ಮುಂದಿನ ಆವಿಷ್ಕಾರಗಳಿಗೆ ಹತ್ತಿರವಾಗಿತ್ತು.

ಮೈಸೂರಿನ ರಾಕೆಟ್‌ಗಳು

ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೇನೆ, ಅಲ್ಪಕಾಲದಲ್ಲಿ ಶತ್ರುಗಳ ಮೇಲೆ ಹೆಚ್ಚು ಬೆಂಕಿ ಸುರಿಯುವ ಸಮಸ್ಯೆಗೆ ಬಂದೂಕಿನಿಂದ ಹೊರಗೆ ಪರಿಹಾರ ಕಂಡುಕೊಂಡಿತು. ರಾಕೆಟ್ಟಿಗೆ ಭಾರವಾದ ನಳಿಗೆ ಬೇಕಿಲ್ಲ; ಹಾರಿಸಿದ ಮೇಲೆ ಮತ್ತೆ ತುಂಬುವ ಅಗತ್ಯವೂ ಇಲ್ಲ. ಮುಂದಿನ ರಾಕೆಟ್ಟಿನ ಬತ್ತಿಗೆ ಬೆಂಕಿ ಇಟ್ಟರೆ ಸಾಕು. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಒಳಗಿನ ಒತ್ತಡ ಹೆಚ್ಚಿ, ಈ ರಾಕೆಟ್‌ಗಳು ಸುಮಾರು 2 ಕಿಲೋಮೀಟರ್ ದೂರದವರೆಗೂ ಸಾಗುತ್ತಿದ್ದವು. ಬಿದಿರಿನ ಗಳುವನ್ನೋ ಕತ್ತಿಯ ಅಲಗನ್ನೋ ಅವುಗಳಿಗೆ ಕಟ್ಟಲಾಗುತ್ತಿತ್ತು.

1780ರ ಸೆಪ್ಟೆಂಬರ್ 10ರಂದು ನಡೆದ ಪೊಲ್ಲಿಲೂರು ಕದನದಲ್ಲಿ ಕರ್ನಲ್ ಬೇಲಿಯ ನೇತೃತ್ವದ ಈಸ್ಟ್ ಇಂಡಿಯಾ ಕಂಪನಿಯ ಪಡೆ ಸೋತುಹೋಯಿತು. ಆ ಪಡೆಯ ಮದ್ದಿನ ಬಂಡಿಗಳು ಸಿಡಿದುದಕ್ಕೆ ಮೈಸೂರಿನ ರಾಕೆಟ್‌ಗಳೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಸಮೀಪದ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾಳಿ ನಡೆಸಿದ ಆರ್ಥರ್ ವೆಲ್ಲೆಸ್ಲಿಯ ಪಡೆಯನ್ನು ರಾಕೆಟ್ ಮತ್ತು ಬಂದೂಕುಗಳ ದಾಳಿ ಹಿಮ್ಮೆಟ್ಟಿಸಿತು. ಮೈಸೂರಿನಿಂದ ಇಂಗ್ಲೆಂಡಿಗೆ ಒಯ್ದ ರಾಕೆಟ್‌ಗಳು ವಿಲಿಯಂ ಕಾಂಗ್ರೀವ್‌ನ ಪ್ರಯೋಗಗಳಿಗೆ ಪ್ರೇರಣೆಯಾದವು. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಈ ಬಗೆಯ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಹೊರತೆಗೆಯಲಾಯಿತು.

ರಾಕೆಟ್‌ಗಳು ಗುರಿಯಲ್ಲಿ ನಿಖರವಾಗಿರಲಿಲ್ಲ. ಒಬ್ಬನೇ ಸೈನಿಕ ಒಂದೇ ಗುರಿಯ ಮೇಲೆ ನಿರಂತರವಾಗಿ ಗುಂಡು ಹಾರಿಸಬಲ್ಲ ಆಯುಧಕ್ಕೆ ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಲೋಹದ ತೋಟಾ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಶೀಘ್ರಗಾಮಿ ಬಂದೂಕಿಗೆ ಅಗತ್ಯವಾದ ತಾಂತ್ರಿಕ ಬದಲಾವಣೆಗಳು ಒಂದೊಂದಾಗಿ ಬಂದವು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕವನ್ನು ಬಂದೂಕಿನಲ್ಲಿ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಇದರಿಂದ ಬತ್ತಿ ಮತ್ತು ಚಕಮಕಿ ಕಲ್ಲುಗಳ ಅಗತ್ಯ ತಪ್ಪಿತು. ನಂತರದ ದಶಕಗಳಲ್ಲಿ ಮದ್ದು, ಗುಂಡು ಮತ್ತು ಸಿಡಿಯುವ ರಾಸಾಯನಿಕ ಮೂರನ್ನೂ ಒಂದೇ ಲೋಹದ ಕವಚದಲ್ಲಿ ಸೇರಿಸಿದ ತೋಟಾ ಬಳಕೆಗೆ ಬಂದಿತು. ತೋಟಾವನ್ನು ನಳಿಗೆಯ ಬಾಯಿಯಿಂದಲ್ಲದೆ ಹಿಂಬದಿಯಿಂದ ತುಂಬಬಹುದಾಗಿತ್ತು.

ಲೋಹದ ತೋಟಾ ಸಿಡಿತದ ಒತ್ತಡಕ್ಕೆ ಹಿಗ್ಗಿ ನಳಿಗೆಯ ಹಿಂಬದಿಯನ್ನು ಮುಚ್ಚುತ್ತದೆ. ಆದ್ದರಿಂದ ಅನಿಲ ಹೊರಸೂಸುವುದಿಲ್ಲ. ಪ್ರತಿಯೊಂದು ತೋಟಾ ಒಂದೇ ಅಳತೆಯದ್ದಾಗಿರುವುದರಿಂದ ಯಂತ್ರದ ಬೆರಳುಗಳು ಅದನ್ನು ಹಿಡಿಯಲು, ತಳ್ಳಲು, ಹೊರಗೆಳೆಯಲು ಸಾಧ್ಯವಾಯಿತು. ಮೆಷಿನ್ ಗನ್‌ನ ಹುಟ್ಟಿಗೆ ಈ ಚಿಕ್ಕ ಕವಚವೇ ಮೂಲ ಆಧಾರ.

ಗ್ಯಾಟ್ಲಿಂಗ್ ಬಂದೂಕು

ರಿಚರ್ಡ್ ಜೋರ್ಡನ್ ಗ್ಯಾಟ್ಲಿಂಗ್ (1818–1903) ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಜನಿಸಿದನು. ಬೀಜ ಬಿತ್ತುವ ಯಂತ್ರವನ್ನು ರೂಪಿಸಿದ್ದ ಅವನು ವೈದ್ಯಕೀಯ ಶಿಕ್ಷಣವನ್ನೂ ಪಡೆದಿದ್ದನು. ಅಮೆರಿಕದ ಅಂತರ್ಯುದ್ಧದ ನಡುವೆ, 1862ರ ನವೆಂಬರ್ 4ರಂದು, ತನ್ನ ಬಂದೂಕಿಗೆ ಪೇಟೆಂಟ್ ಪಡೆದನು. ನೂರು ಜನರ ಕೆಲಸವನ್ನು ಒಬ್ಬನೇ ಮಾಡುವಂತಾದರೆ ದೊಡ್ಡ ಸೇನೆಗಳ ಅಗತ್ಯ ತಪ್ಪಿ, ಯುದ್ಧ ಮತ್ತು ರೋಗಗಳಿಗೆ ಬಲಿಯಾಗುವವರ ಸಂಖ್ಯೆ ಕಡಿಮೆಯಾಗುವುದೆಂದು ತಾನು ಭಾವಿಸಿದ್ದಾಗಿ 1877ರ ಪತ್ರವೊಂದರಲ್ಲಿ ಅವನು ಬರೆದಿದ್ದಾನೆ.

ಈ ಬಂದೂಕಿನಲ್ಲಿ ಆರು ನಳಿಗೆಗಳು ಒಂದು ಅಚ್ಚಿನ ಸುತ್ತ ತಿರುಗುತ್ತಿದ್ದವು. ಕೈಹಿಡಿಯನ್ನು ತಿರುಗಿಸಿದಂತೆ ಮೇಲಿನಿಂದ ತೋಟಾಗಳು ತಮ್ಮ ಭಾರದಿಂದಲೇ ಕೆಳಗಿಳಿಯುತ್ತಿದ್ದವು. ಪ್ರತಿ ನಳಿಗೆಯೂ ಒಂದು ಸುತ್ತಿನಲ್ಲಿ ತೋಟಾ ಪಡೆದು, ಸಿಡಿಸಿ, ಖಾಲಿ ಕವಚವನ್ನು ಹೊರಚೆಲ್ಲುತ್ತಿತ್ತು. ಒಂದು ಸುತ್ತಿಗೆ ಒಮ್ಮೆ ಮಾತ್ರ ಸಿಡಿಯುತ್ತಿದ್ದುದರಿಂದ ಪ್ರತಿ ನಳಿಗೆಗೂ ತಣ್ಣಗಾಗಲು ಅವಕಾಶವಿತ್ತು. ಆರಂಭದ ಮಾದರಿಯೇ ನಿಮಿಷಕ್ಕೆ ಸುಮಾರು 200 ಗುಂಡುಗಳನ್ನು ಹಾರಿಸಬಲ್ಲದಾಗಿತ್ತು. ಅಂತರ್ಯುದ್ಧದಲ್ಲಿ ಇದರ ಬಳಕೆ ಅತ್ಯಲ್ಪ. ಅಮೆರಿಕದ ಸೇನೆ ಇದನ್ನು ಅಧಿಕೃತವಾಗಿ ಸ್ವೀಕರಿಸಿದ್ದು 1866ರಲ್ಲಿ.

ಮಿತ್ರಾಯೂಸ್ ಮತ್ತು ಇತರ ಬಂದೂಕುಗಳು

ಫ್ರಾನ್ಸ್ ಅದೇ ದಶಕದಲ್ಲಿ 25 ನಳಿಗೆಗಳ ಮಿತ್ರಾಯೂಸ್ ಎಂಬ ಆಯುಧವನ್ನು ಗುಟ್ಟಾಗಿ ಸಿದ್ಧಪಡಿಸಿತು. 1870ರಲ್ಲಿ ಪ್ರಷ್ಯಾದೊಂದಿಗೆ ಯುದ್ಧ ಆರಂಭವಾದಾಗ ಆ ಗುಟ್ಟೇ ತೊಡಕಾಯಿತು. ಅದನ್ನು ಬಳಸಬಲ್ಲ ಸೈನಿಕರು ಕೆಲವರೇ ಇದ್ದರು. ಸೇನಾಧಿಕಾರಿಗಳು ಅದನ್ನು ಫಿರಂಗಿಯಂತೆ ಬಹುದೂರದಲ್ಲಿ ಇರಿಸಿದ್ದರಿಂದ ಪ್ರಷ್ಯಾದ ಫಿರಂಗಿಗಳಿಗೆ ಅದು ಸುಲಭದ ಗುರಿಯಾಯಿತು. ಹೊಸ ಆಯುಧವೊಂದು ದೊರೆತ ಮಾತ್ರಕ್ಕೆ ಅದರ ಬಳಕೆ ತಿಳಿಯುವುದಿಲ್ಲ ಎಂಬುದು ಈ ಯುದ್ಧದಿಂದ ಸ್ಪಷ್ಟವಾಯಿತು.

ನಾರ್ಡನ್‌ಫೆಲ್ಟ್, ಗಾರ್ಡ್ನರ್ ಮುಂತಾದ ಬಂದೂಕುಗಳು ಇದನ್ನು ಹಿಂಬಾಲಿಸಿದವು. ಇವೆಲ್ಲವನ್ನೂ ನಡೆಸಲು ಮನುಷ್ಯನ ತೋಳ್ಬಲ ಬೇಕಿತ್ತು. ಗಾಬರಿಯಲ್ಲಿ ಕೈಹಿಡಿಯನ್ನು ವೇಗವಾಗಿ ತಿರುಗಿಸಿದರೆ ತೋಟಾಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. 1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲಿಯಾದಲ್ಲಿ ಬ್ರಿಟಿಷರ ಗಾರ್ಡ್ನರ್ ಬಂದೂಕು ಕದನದ ನಡುವೆಯೇ ಕೆಟ್ಟು ನಿಂತಿತು.

ಮ್ಯಾಕ್ಸಿಮ್ ಬಂದೂಕು

ಹೈರಂ ಮ್ಯಾಕ್ಸಿಮ್ (1840–1916) ಅಮೆರಿಕದ ಮೇಯ್ನ್ ರಾಜ್ಯದವನು. ಲಂಡನ್ನಿಗೆ ಬಂದು ನೆಲೆಸಿದ ಅವನು ಹ್ಯಾಟನ್ ಗಾರ್ಡನ್ ಪ್ರದೇಶದ ಕಾರ್ಯಾಗಾರದಲ್ಲಿ ಕೆಲಸ ಮಾಡಿದನು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಅಲ್ಲಿಯವರೆಗೆ ಸೈನಿಕನ ಭುಜವನ್ನು ನೋಯಿಸಿ ವ್ಯರ್ಥವಾಗುತ್ತಿದ್ದ ಈ ಶಕ್ತಿಯನ್ನೇ ಮ್ಯಾಕ್ಸಿಮ್ ಯಂತ್ರವನ್ನು ನಡೆಸಲು ಬಳಸಿಕೊಂಡನು.

ಗುಂಡು ಸಿಡಿದ ಕೂಡಲೇ ನಳಿಗೆ ಮತ್ತು ಅದರ ಹಿಂಬದಿಯ ಬೀಗ ಒಟ್ಟಿಗೆ ಸ್ವಲ್ಪ ದೂರ ಹಿಂದೆ ಸರಿಯುತ್ತವೆ. ಆ ಬಳಿಕ ಮೊಣಕಾಲಿನಂತೆ ಮಡಚುವ ಕೀಲೊಂದು ಸಡಿಲಗೊಂಡು ಬೀಗ ನಳಿಗೆಯಿಂದ ಬೇರ್ಪಡುತ್ತದೆ. ಬೀಗವು ಹಿಂದೆ ಸಾಗುತ್ತ ಖಾಲಿ ಕವಚವನ್ನು ಹೊರಗೆಳೆದು, ಬಟ್ಟೆಯ ಪಟ್ಟಿಯಿಂದ ಹೊಸ ತೋಟಾವನ್ನು ತೆಗೆದುಕೊಳ್ಳುತ್ತದೆ; ಜೊತೆಗೆ ಸ್ಪ್ರಿಂಗ್ ಒಂದನ್ನು ಹಿಗ್ಗಿಸುತ್ತದೆ. ಹಿಗ್ಗಿದ ಸ್ಪ್ರಿಂಗ್ ಬೀಗವನ್ನು ಮತ್ತೆ ಮುಂದಕ್ಕೆ ತಂದು ಹೊಸ ತೋಟಾವನ್ನು ನಳಿಗೆಗೆ ಸೇರಿಸುತ್ತದೆ. ಟ್ರಿಗರ್ ಒತ್ತಿ ಹಿಡಿದಿರುವವರೆಗೆ ಈ ಚಕ್ರ ನಿಮಿಷಕ್ಕೆ ಸುಮಾರು 600 ಬಾರಿ ನಡೆಯುತ್ತದೆ. ಒಂದೇ ನಳಿಗೆ ಇರುವುದರಿಂದ ಉಂಟಾಗುವ ಅತಿಯಾದ ಶಾಖವನ್ನು ತಗ್ಗಿಸಲು ಅದರ ಸುತ್ತ ನೀರು ತುಂಬಿದ ಕವಚವನ್ನು ಅಳವಡಿಸಲಾಗಿತ್ತು.

ಇದೇ ಹೊತ್ತಿಗೆ, 1884ರಲ್ಲಿ, ಫ್ರಾನ್ಸಿನ ಪೌಲ್ ವಿಯೆಯ್ ಹೊಗೆರಹಿತ ಮದ್ದನ್ನು ಕಂಡುಹಿಡಿದನು. ಹಳೆಯ ಕಪ್ಪು ಮದ್ದು ದಟ್ಟ ಹೊಗೆಯನ್ನೂ ಮಸಿಯನ್ನೂ ಉಳಿಸುತ್ತಿತ್ತು. ಹೊಸ ಮದ್ದಿನಿಂದ ಯಂತ್ರ ಕಟ್ಟಿಕೊಳ್ಳುವುದು ಕಡಿಮೆಯಾಯಿತು. ಹೊಗೆಯ ಮೋಡ ಮರೆಯಾದ್ದರಿಂದ ಗುರಿಯೂ ಸ್ಪಷ್ಟವಾಗಿ ಕಾಣತೊಡಗಿತು.

ವಸಾಹತು ಯುದ್ಧಗಳಲ್ಲಿ ಬಳಕೆ

ಮ್ಯಾಕ್ಸಿಮ್ ಬಂದೂಕನ್ನು ಯುರೋಪಿನ ದೇಶಗಳು ಮೊದಲು ವ್ಯಾಪಕವಾಗಿ ಬಳಸಿದ್ದು ಪರಸ್ಪರರ ಮೇಲಲ್ಲ, ಆಫ್ರಿಕಾ ಮತ್ತು ಏಷ್ಯಾದ ಜನರ ಮೇಲೆ. 1893ರಲ್ಲಿ ಇಂದಿನ ಜಿಂಬಾಬ್ವೆಯಲ್ಲಿ ನ್ಡೆಬೆಲೆ ಯೋಧರ ವಿರುದ್ಧ ಇದು ಬಳಕೆಯಾಯಿತು. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ಡುರ್ಮನ್‌ನಲ್ಲಿ ಫಿರಂಗಿ, ರೈಫಲ್ ಮತ್ತು ಮ್ಯಾಕ್ಸಿಮ್‌ಗಳ ದಾಳಿಗೆ ಒಂದೇ ದಿನ ಸುಮಾರು 10,000ಕ್ಕೂ ಹೆಚ್ಚು ಮಹದಿ ಯೋಧರು ಬಲಿಯಾದರು. ಬ್ರಿಟಿಷ್ ಮತ್ತು ಈಜಿಪ್ಟ್ ಪಡೆಗಳಲ್ಲಿ ಸತ್ತವರು ಐವತ್ತರ ಆಸುಪಾಸು. 1904ರ ಮಾರ್ಚ್ 31ರಂದು ಟಿಬೆಟ್ಟಿನ ಗುರು ಎಂಬಲ್ಲಿ ಬ್ರಿಟಿಷ್ ಇಂಡಿಯಾದ ಪಡೆ, ಬತ್ತಿಯ ಕೋವಿಗಳನ್ನು ಹಿಡಿದಿದ್ದ ನೂರಾರು ಟಿಬೆಟಿಯನ್ನರನ್ನು ರೈಫಲ್ ಮತ್ತು ಮ್ಯಾಕ್ಸಿಮ್‌ಗಳಿಂದ ಕೊಂದಿತು. ಚಿತ್ರದುರ್ಗದ ಕಾಲದ ಆಯುಧ ಮತ್ತು ಹೊಸ ಯಂತ್ರ ಇಲ್ಲಿ ನೇರವಾಗಿ ಎದುರಾಗಿದ್ದವು.

ಮೊದಲನೆಯ ಮಹಾಯುದ್ಧ

1914ರಲ್ಲಿ ಆರಂಭವಾದ ಯುದ್ಧದಲ್ಲಿ ಎರಡೂ ಕಡೆಯವರ ಬಳಿ ಮೆಷಿನ್ ಗನ್‌ಗಳಿದ್ದವು. ಜರ್ಮನಿಯ ಮಾದರಿಯೂ ಬ್ರಿಟನ್ನಿನ ವಿಕರ್ಸ್ ಬಂದೂಕೂ ಮ್ಯಾಕ್ಸಿಮ್‌ನ ವಿನ್ಯಾಸದಿಂದಲೇ ಬೆಳೆದುಬಂದವು. ಬ್ರಿಟಿಷ್ ಸೇನೆಯ ಪ್ರತಿ ಬೆಟಾಲಿಯನ್ನಿಗೆ ಆರಂಭದಲ್ಲಿ ಎರಡು ಮೆಷಿನ್ ಗನ್‌ಗಳನ್ನು ಮಾತ್ರ ನೀಡಲಾಗಿತ್ತು. ಮುಳ್ಳುತಂತಿ, ಕಂದಕ ಮತ್ತು ಮೆಷಿನ್ ಗನ್‌ಗಳು ಸೇರಿ ಬಯಲಿನಲ್ಲಿ ಮುನ್ನುಗ್ಗುವುದನ್ನು ಅಸಾಧ್ಯವಾಗಿಸಿದವು. 1916ರ ಜುಲೈ 1ರಂದು, ಸೊಮ್ ಕದನದ ಮೊದಲ ದಿನವೇ, 19,240 ಬ್ರಿಟಿಷ್ ಸೈನಿಕರು ಸತ್ತರು. ಅವರಲ್ಲಿ ಅನೇಕರು ಮೆಷಿನ್ ಗನ್‌ಗಳಿಗೆ ಬಲಿಯಾದವರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಈ ಆಯುಧವನ್ನು ಎದುರಿಸಲು ರೂಪಿಸಿದ ಟ್ಯಾಂಕ್ ಮೊದಲ ಬಾರಿಗೆ ರಣರಂಗಕ್ಕೆ ಬಂದಿತು.

ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್

ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳೊಂದಿಗೆ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ ಭಾಗವಾಗಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಣರಂಗಗಳಲ್ಲಿ ಸೇವೆ ಸಲ್ಲಿಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ವಶಪಡಿಸಿಕೊಳ್ಳುವ ಹೊಣೆ ಈ ಬ್ರಿಗೇಡಿಗೆ ದೊರೆಯಿತು. ಪಟ್ಟಣಕ್ಕೆ ಹೋಗುವ ದಾರಿಯ ಒಂದು ಬದಿಗೆ ಕಾರ್ಮೆಲ್ ಬೆಟ್ಟ, ಇನ್ನೊಂದು ಬದಿಗೆ ಕೆಸರಿನ ದಡಗಳಿದ್ದ ಕಿಶೋನ್ ನದಿ ಇದ್ದವು. ಬೆಟ್ಟದ ಮೇಲೆ ಒಟ್ಟೋಮನ್ ಪಕ್ಷದ ಫಿರಂಗಿಗಳೂ ಇಳಿಜಾರಿನಲ್ಲಿ ಮೆಷಿನ್ ಗನ್‌ಗಳೂ ಸಜ್ಜಾಗಿದ್ದವು.

ಮೈಸೂರಿನ ಒಂದು ದಳ ಕಡಿದಾದ ಬೆಟ್ಟವನ್ನು ಏರಿ ಮೇಲಿನ ಫಿರಂಗಿಗಳ ಮೇಲೆ ದಾಳಿ ನಡೆಸಿತು. ಕೆಳಗೆ ಜೋಧಪುರದ ಸವಾರರು ಪಟ್ಟಣದತ್ತ ನುಗ್ಗಿದರು. ಫಿರಂಗಿ ಮತ್ತು ಮೆಷಿನ್ ಗನ್‌ಗಳ ನೆರವು ದಾಳಿಕಾರರಿಗೂ ಇತ್ತು. ಅದೇ ದಿನ ಪಟ್ಟಣ ವಶವಾಯಿತು. 1,350 ಮಂದಿ ಸೆರೆಸಿಕ್ಕರು. 17 ಫಿರಂಗಿಗಳು ಮತ್ತು 11 ಮೆಷಿನ್ ಗನ್‌ಗಳು ದೊರೆತವು. ಬ್ರಿಗೇಡಿನ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು. ಸತ್ತವರಲ್ಲಿ ಜೋಧಪುರದ ಮೇಜರ್ ದಲಪತ್ ಸಿಂಗ್ ಒಬ್ಬನು. ಕುದುರೆಗಳ ಪೈಕಿ 60 ಸತ್ತು 83 ಗಾಯಗೊಂಡವು.

ಈಟಿ ಹಿಡಿದ ಸವಾರರು ಮೆಷಿನ್ ಗನ್‌ಗಳನ್ನು ಗೆದ್ದ ಅಪರೂಪದ ಘಟನೆಯಾಗಿ ಹೈಫಾ ಕದನವನ್ನು ಸ್ಮರಿಸಲಾಗುತ್ತದೆ. ದಾಳಿಯ ವೇಗ, ಎರಡು ದಿಕ್ಕುಗಳಿಂದ ಒಮ್ಮೆಗೇ ನಡೆದ ಆಕ್ರಮಣ ಮತ್ತು ಅದಾಗಲೇ ಹಿಮ್ಮೆಟ್ಟುತ್ತಿದ್ದ ಒಟ್ಟೋಮನ್ ಸೇನೆಯ ಸ್ಥಿತಿ ಈ ಗೆಲುವಿಗೆ ನೆರವಾದವು. ಮುಳ್ಳುತಂತಿ ಮತ್ತು ಕಂದಕಗಳಿಂದ ತುಂಬಿದ ಫ್ರಾನ್ಸಿನ ರಣರಂಗದಲ್ಲಿ ಇಂತಹ ಅವಕಾಶ ಇರಲಿಲ್ಲ. ದೆಹಲಿಯಲ್ಲಿರುವ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು ಮತ್ತು ಹೈದರಾಬಾದ್ ಅಶ್ವದಳಗಳನ್ನು ಪ್ರತಿನಿಧಿಸುತ್ತವೆ. ಬೆಂಗಳೂರಿನ ಜೆ. ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ.

ಜಲಿಯನ್‌ವಾಲಾ ಬಾಗ್

ಹೈಫಾದ ಮರುವರ್ಷ, 1919ರ ಏಪ್ರಿಲ್ 13ರಂದು, ಜನರಲ್ ಡಯರ್ ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಮೆಷಿನ್ ಗನ್ ಅಳವಡಿಸಿದ್ದ ಎರಡು ಕವಚವಾಹನಗಳನ್ನು ತಂದಿದ್ದನು. ಪ್ರವೇಶದ ಓಣಿ ಇಕ್ಕಟ್ಟಾಗಿದ್ದುದರಿಂದ ಅವು ಒಳಗೆ ಹೋಗಲಿಲ್ಲ. ಹೋಗುವಂತಿದ್ದರೆ ಅವುಗಳಿಂದಲೂ ಗುಂಡು ಹಾರಿಸುವ ಸಂಭವವಿತ್ತೆಂದು ಡಯರ್ ವಿಚಾರಣಾ ಸಮಿತಿಯ ಮುಂದೆ ಒಪ್ಪಿಕೊಂಡನು. ಸುಮಾರು 50 ಸೈನಿಕರು ರೈಫಲ್‌ಗಳಿಂದಲೇ ಹತ್ತು ನಿಮಿಷಗಳಲ್ಲಿ 1,650 ಗುಂಡುಗಳನ್ನು ಹಾರಿಸಿದರು. ಅಧಿಕೃತ ಲೆಕ್ಕದಂತೆ 379 ಮಂದಿ ಸತ್ತರು. ಭಾರತೀಯರ ಅಂದಾಜು ಇದಕ್ಕಿಂತ ಬಹಳ ಹೆಚ್ಚು.

ಪರಿಣಾಮ

ಯಂತ್ರದಿಂದ ಸೇನೆಗಳು ಚಿಕ್ಕದಾಗುವುವೆಂಬ ಗ್ಯಾಟ್ಲಿಂಗ್‌ನ ನಿರೀಕ್ಷೆ ನಿಜವಾಗಲಿಲ್ಲ. ಒಬ್ಬನು ನೂರು ಜನರ ಕೆಲಸ ಮಾಡುವಂತಾದಾಗ, ಅಂತಹವರನ್ನೇ ಸಾವಿರಾರು ಸಂಖ್ಯೆಯಲ್ಲಿ ಸಜ್ಜುಗೊಳಿಸಲಾಯಿತು. ಒಬ್ಬನೇ ಹೊರಬಲ್ಲ ಲೂಯಿಸ್ ಬಂದೂಕಿನಂತಹ ಹಗುರ ಮಾದರಿಗಳು ಮೊದಲನೆಯ ಮಹಾಯುದ್ಧದಲ್ಲಿಯೇ ಬಳಕೆಗೆ ಬಂದವು. ಗ್ಯಾಟ್ಲಿಂಗ್‌ನ ತಿರುಗುವ ನಳಿಗೆಗಳ ತತ್ವವನ್ನು ಎರಡನೆಯ ಮಹಾಯುದ್ಧದ ನಂತರ ವಿದ್ಯುತ್ ಬಲದೊಂದಿಗೆ ಜೋಡಿಸಿ, ನಿಮಿಷಕ್ಕೆ 6,000 ಗುಂಡುಗಳನ್ನು ಹಾರಿಸುವ ವಿಮಾನ ಬಂದೂಕುಗಳನ್ನು ನಿರ್ಮಿಸಲಾಯಿತು. ಈಟಿಯ ಅಶ್ವದಳಗಳ ಕಾಲ ಮುಗಿಯಿತು. ಸ್ವಾತಂತ್ರ್ಯಾನಂತರ ಮೈಸೂರು ಲ್ಯಾನ್ಸರ್ಸ್ ಸೇರಿದಂತೆ ಸಂಸ್ಥಾನಗಳ ಅಶ್ವದಳಗಳನ್ನು ವಿಲೀನಗೊಳಿಸಿ, ಇಂದಿಗೂ ಕುದುರೆಗಳನ್ನು ಉಳಿಸಿಕೊಂಡಿರುವ ಭಾರತೀಯ ಸೇನೆಯ 61ನೆಯ ಅಶ್ವದಳವನ್ನು ರೂಪಿಸಲಾಯಿತು.